ಯಂತ್ರ ಬೇಡವೆಂದ ಅಂಜೂರ

ಆ ವರ್ಷ ಅಂಜೂರ ಒಣಗುವ ಹೊತ್ತಿಗೇ ಆಯ್ದಿನ್ ಬಯಲಿನ ಮೇಲೆ ಮಳೆ ಸುರಿದಿತ್ತು. ಹಣ್ಣು ಹೊರಗೆ ಚೆನ್ನಾಗಿಯೇ ಕಾಣುತ್ತಿತ್ತು, ಒಳಗೆ ಬೂಷ್ಟು. ಅದರ ವಿಷ ಮನುಷ್ಯನ ಪಿತ್ತಜನಕಾಂಗವನ್ನೇ ತಿಂದುಹಾಕುವಂಥದ್ದು. ಮೊದಲೆಲ್ಲ ಅಂಜೂರದ ಕಾರ್ಖಾನೆಯ ಕತ್ತಲೆ ಕೋಣೆಯಲ್ಲಿ ನೇರಳೆ ದೀಪದಡಿ ಹೆಂಗಸರು ಕೂತು, ಬೂಷ್ಟು ಹಿಡಿದು ಹಸಿರಾಗಿ ಹೊಳೆಯುವ ಹಣ್ಣುಗಳನ್ನು ಆರಿಸಿ ಎಸೆಯುತ್ತಿದ್ದರು. ಈಗ ಆ ಕೆಲಸ ಕ್ಯಾಮೆರಾ ಯಂತ್ರದ್ದು. ಸಾವಿರಾರು ಹಣ್ಣು ತೋರಿಸಿ, ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅದಕ್ಕೆ ಕಲಿಸಿದವಳು ಕಾರ್ಖಾನೆಯ ಗುಣಮಟ್ಟ ನೋಡಿಕೊಳ್ಳುತ್ತಿದ್ದ ಸೆವ್ಗುಲ್.

ಯಂತ್ರ ರಾಶಿ ರಾಶಿ ಹಣ್ಣನ್ನು ಹೊರಗೆ ತಳ್ಳತೊಡಗಿದಾಗ ಯಜಮಾನ ರಿಫ್ಕಿ ಓಡಿ ಬಂದ.

"ಏನಮ್ಮಾ, ನಿನ್ ಯಂತ್ರಕ್ಕೆ ಹುಚ್ಚು ಹಿಡ್ದಿದ್ಯಾ?"

"ಯಂತ್ರ ಸರಿಯಾಗೇ ಇದೆ ಸಾಹೇಬ್ರೇ. ಹಣ್ಣೇ ಸರಿ ಇಲ್ಲ."

"ಸ್ವಲ್ಪ ಸಡಿಲ ಮಾಡು."

"ಇದನ್ನ ಮಕ್ಳು ತಿಂತಾರೆ."

"ಇಲ್ಲಿ ಕೆಲ್ಸ ಮಾಡೋರ ಮಕ್ಳೂ ಹೊಟ್ಟೆಗೆ ತಿನ್ಬೇಕಲ್ವಾ!"

ಸೆವ್ಗುಲ್ ಒಪ್ಪಲಿಲ್ಲ. ಮರುದಿನ ಬಂದು ನೋಡಿದರೆ ಹಣ್ಣೆಲ್ಲ ಸಲೀಸಾಗಿ ಪೆಟ್ಟಿಗೆ ಸೇರುತ್ತಿತ್ತು. ಯಂತ್ರ ಮಾರಿದವರಿಗೆ ಫೋನ್ ಮಾಡಿ, ಹೇಗೆಂದು ಕೇಳಿಕೊಂಡು, ರಿಫ್ಕಿ ತಾನೇ ಅದರ ಬಿಗಿ ಸಡಿಲಿಸಿದ್ದ. ಸೆವ್ಗುಲ್ ಮುಚ್ಚಿದ ಪೆಟ್ಟಿಗೆಯೊಂದನ್ನು ಒಡೆದು, ಹಣ್ಣುಗಳನ್ನು ಹಳೆಯ ಕತ್ತಲೆ ಕೋಣೆಗೆ ಒಯ್ದು ನೇರಳೆ ದೀಪ ಹಾಕಿದಳು. ಅಲ್ಲಲ್ಲಿ ಹಸಿರು ಹೊಳೆಯಿತು.

ಬಾಗಿಲಲ್ಲಿ ಅವಳ ಸೋದರತ್ತೆ ಮುನೆವ್ವೆರ್ ನಿಂತಿದ್ದಳು. ಹಿಂದೆ ಅದೇ ದೀಪದಡಿ ಕೂತು ಕಣ್ಣು ಮಂಜು ಮಾಡಿಕೊಂಡವಳು, ಈಗ ಪೆಟ್ಟಿಗೆ ತುಂಬುವ ಕೆಲಸಕ್ಕಿದ್ದಳು.

"ಯಾರಿಗೂ ಹೇಳ್ಬೇಡ ಕಣೇ. ಕಾರ್ಖಾನೆ ಬಾಗ್ಲು ಹಾಕ್ಸಿದ್ರೆ ನಾವೆಲ್ಲಿಗೆ ಹೋಗೋಣ?"

"ನೀನು ತಿಂತೀಯಾ ಅತ್ತೆ, ಇದನ್ನ?"

ಅತ್ತೆ ಒಂದು ಹಣ್ಣನ್ನು ಕೈಗೆತ್ತಿಕೊಂಡಳು. ತಿನ್ನಲಿಲ್ಲ, ಕೆಳಗಿಡಲೂ ಇಲ್ಲ. "ದೂರದ ದೇಶದೋರಿಗೆ ತಾನೇ ಹೋಗೋದು..." ಎಂದಳು ಮೆಲ್ಲಗೆ.

ಸೆವ್ಗುಲ್ ಹಣ್ಣಿನ ಚೀಲ ಹಿಡಿದು ನೇರ ಕೃಷಿ ಇಲಾಖೆಯ ಕಚೇರಿಗೆ ಹೋದಳು. ಸಂಜೆಯೊಳಗೆ ಅಧಿಕಾರಿಗಳು ಹಣ್ಣು ಹೊತ್ತ ಲಾರಿಗಳನ್ನು ತಡೆದರು. ಪರೀಕ್ಷೆಯಲ್ಲಿ ವಿಷ ಸಿಕ್ಕಿತು, ಕಾರ್ಖಾನೆಗೆ ಬೀಗ ಬಿತ್ತು. ರಿಫ್ಕಿ ಪಟ್ಟಣದ ಮನೆಗೆ ಹೊರಟುಹೋದ. ಹೆಂಗಸರು ಚಳಿಯಲ್ಲಿ ಊರೂರು ಅಲೆದು ಆಲಿವ್ ಕೀಳುವ ಕೂಲಿಗೆ ಬಿದ್ದರು.

ಹಬ್ಬದ ದಿನ ಸೆವ್ಗುಲ್ ರೂಢಿಯಂತೆ ಅತ್ತೆಯ ಕೈಗೆ ಮುತ್ತಿಡಲು ಹೋದಳು. ಅತ್ತೆ ಕೈ ಕೊಟ್ಟಳು, ಮುಖ ಕೊಡಲಿಲ್ಲ.

"ನಾನು ಮಾಡಿದ್ದು ತಪ್ಪಾ ಅತ್ತೆ?"

"ತಪ್ಪಲ್ಲ ಅಂತ ನಂಗೂ ಗೊತ್ತು. ಅದಕ್ಕೇ ನಿನ್ನ ಬೈಯೋಕೂ ಆಗ್ತಿಲ್ಲ ನೋಡು, ಅದೇ ಸಂಕಟ."

ಅತ್ತೆ ಒಳಗೆ ಹೋಗಿ ಚಹಾ ತಂದಿಟ್ಟಳು. ಆಲಿವ್ ಕೀಳುವ ಅವಳ ಬೆರಳುಗಳೆಲ್ಲ ಚಳಿಗೆ ಒಡೆದಿದ್ದವು. ಸೆವ್ಗುಲ್ ಬೇರೆ ಕಡೆ ನೋಡುತ್ತ ಚಹಾ ಕುಡಿದಳು.