ದ್ವಾದಶಿಯ ಮೊದಲ ತುತ್ತು

ಭಾರ್ಗವ್ ಗೇಟಿನ ಚಿಲಕ ಜಗ್ಗಿ ಹಾಕಿದ. ಆಚೆ ಕಡೆ ಉಚ್ಚೆಂಗಮ್ಮ ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು.

"ಅಮ್ಮ ತೀರಿಕೊಂಡಾಳ. ಮನ್ಯಾಗ ಸೂತಕ ಅದ. ಇವತ್ತು ಊಟ-ಗೀಟ ಏನಿಲ್ಲ, ಹೋಗವಾ," ಎಂದ.

ಉಚ್ಚೆಂಗಮ್ಮ ಗೇಟಿನ ಸರಳು ಹಿಡಿದುಕೊಂಡಳು. "ನಿನ್ನಿ ಸಂಜಿಗೆ ನನ್ನ ಕೈಯಾಗಿನ ಸೊಪ್ಪು ಇಸಗೊಂಡ್ರಲ್ಲೋ ಯಪ್ಪಾ! ನಾಳಿ ಜಲ್ದಿ ಬಾ ಅಂದ್ರಲ್ಲೋ! ಒಮ್ಮಿ ಮಕ ನೋಡಿ ಹೊಕ್ಕೀನಿ, ತಗಿ."

"ಕಾಕಾ ಬ್ಯಾಡ ಅಂದಾರ. ಹೊರಗಿನವರು ಮುಟ್ಟಿದ್ರ ಮತ್ತ ಸ್ನಾನ ಮಾಡಿಸಬೇಕಾಗ್ತದ."

ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ ಮಾಧವಿಗೆ ಎಲ್ಲ ಕೇಳಿಸಿತು. ಅವಳು ಗಂಡನ ಬೆನ್ನನ್ನೇ ನೋಡಿದಳು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಅಷ್ಟು ಜನರನ್ನು ಶಿಫ್ಟಿಗೆ ಹಚ್ಚುವ ಮನುಷ್ಯ, ಮನೆಯಲ್ಲಿ ಕಾಕಾ ಕೆಮ್ಮಿದರೆ ಸಾಕು, ಬಾಗಿಲು ಹಾಕುತ್ತಾನೆ.

ಒಳಗೆ ಅತ್ತೆ ಕೃಷ್ಣಾಬಾಯಿಯನ್ನು ದರ್ಭೆ ಹಾಸಿ ಮಲಗಿಸಿದ್ದರು. ನಿನ್ನೆ ಏಕಾದಶಿ, ನೀರೂ ಮುಟ್ಟದ ಉಪವಾಸ. ಇವತ್ತು ನಸುಕಿನಲ್ಲಿ ಎದ್ದು, ಮಡಿಯುಟ್ಟು ಪಾರಣೆಯ ಅಡುಗೆ ಮಾಡಿ, ದೇವರಿಗೆ ನೈವೇದ್ಯ ತೋರಿಸಿ, ತುಳಸಿಕಟ್ಟೆಯ ಹತ್ತಿರ ಬಂದು ಕೂತಿದ್ದರು. ಕೂತವರು ಹಾಗೆಯೇ ವಾಲಿದ್ದರು. ಉಪವಾಸ ಬಿಡುವ ತುತ್ತು ಬಾಯಿಗೆ ಬೀಳಲೇ ಇಲ್ಲ.

"ಪುಣ್ಯವಂತಳು ಬಿಡ್ರಿ," ಎಂದಳು ಪಕ್ಕದ ಮನೆಯ ಶಾಂತಕ್ಕ. "ಏಕಾದಶಿ ಮಾಡಿ ದ್ವಾದಶಿಗೆ ಹೋಗೂದಂದ್ರ ಸಣ್ಣ ಮಾತೇನು? ನಮ್ಮನಿಯವರು ನೋಡ್ರಿ, ಅಮಾಸಿ ದಿನ ಹೋದ್ರು. ಬದುಕಿದ್ದಾಗೂ ಒಂದು ಕೆಲಸ ಟೈಮಿಗೆ ಮಾಡಿದವರಲ್ಲ."

ಒಂದಿಬ್ಬರು ನಕ್ಕು, ಸೆರಗು ಬಾಯಿಗೆ ಹಿಡಿದರು. ಕೃಷ್ಣಾಬಾಯಿಯ ಮೈದುನ ಮಧ್ವೇಶ ನಗಲಿಲ್ಲ. "ದೇವರ ಒಂದು ಮಾತೂ ಮೀರಲಿಲ್ಲ ನಮ್ಮ ವೈನಿ. ಅಂಥಾಕಿ ಪಾರಣಿ ಆಗಲಾರದ ಹೋಗಬಾರದು. ದ್ವಾದಶಿ ಇನ್ನೂ ಅದ. ಬಾಯಾಗ ತೀರ್ಥ ಬಿಟ್ಟು ಪಾರಣಿ ಮುಗಿಸಿಬಿಡೂಣು. ಮಾಧವಿ, ಒಳಗಿನ ಅಡಗಿ ಎಲ್ಲಾ ಚೆಲ್ಲಿಬಿಡು. ಸೂತಕದ್ದು."

ಮಾಧವಿ ಅಡುಗೆಮನೆಗೆ ಹೋದಳು. ಅನ್ನ, ತೊವ್ವೆ, ನೆಲ್ಲಿಕಾಯಿಯ ಗೊಜ್ಜು. ಪಕ್ಕದಲ್ಲಿ ಅಗಸೆ ಸೊಪ್ಪಿನ ಪಲ್ಯ, ಇನ್ನೂ ಬೆಚ್ಚಗಿತ್ತು. ಚೆಲ್ಲಲೆಂದು ಪಾತ್ರೆ ಎತ್ತಿದವಳು ಅದನ್ನು ತಿರುಗಿ ಅಲ್ಲೇ ಇಟ್ಟಳು.

*

ಮದುವೆಯಾದ ಹೊಸದರಲ್ಲಿ ಅವಳಿಗೆ ಈ ಮನೆಯ ನೇಮಗಳನ್ನು ಕಂಡರೇ ಸಿಟ್ಟು. ಒಂದು ದ್ವಾದಶಿ ದಿನ ಬಸ್ಸುಗಳು ಬಂದ್ ಆಗಿದ್ದವು. ಕಮಲಾಪುರದ ತೋಟದಿಂದ ಸೊಪ್ಪು ತರುವ, ದ್ವಾದಶಿಗೆ ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣುವ ಉಚ್ಚೆಂಗಮ್ಮನ ಸುಳಿವಿಲ್ಲ. ಪಾರಣೆಯ ಹೊತ್ತು ಮೀರುತ್ತಿತ್ತು. ಮಾವ ಕೂಗಾಡಿ, ಕಡೆಗೆ ತಾವೊಬ್ಬರೇ ಉಂಡೆದ್ದರು. ಅತ್ತೆ ಎಲೆಯ ಮುಂದೆ ಕೂರಲಿಲ್ಲ. ಅವರ ತುಟಿ ಒಣಗಿ ಬಿಳುಪೇರಿತ್ತು.

"ಹೊತ್ತು ಮೀರಿ ಉಂಡ್ರ ದೋಷ ಅಂತ ನೀವ ಹೇಳ್ತೀರಿ. ಈಗ ಇದ್ಯಾವ ನೇಮ ಅತ್ತಿ?"

"ಹಸದವರಿಗೆ ಹಾಕಿ ಉಣ್ಣು ಅಂತನೂ ಆತನ ಹೇಳ್ಯಾನಲ್ಲ? ಎರಡೂ ಆತನ ಮಾತ. ಇವತ್ತು ಒಂದು ಮುರೀತದ. ಮುರದ್ರ ನನ್ನ ಹೊಟ್ಟೀದು ಮುರೀಲಿ."

"ದೇವರಂದ್ರ ಅಷ್ಟು ಅಂಜಿಕೀನ ನಿಮಗ?"

ಅತ್ತೆ ನಕ್ಕುಬಿಟ್ಟರು. "ಅಂಜಿಕಿ ಎಲ್ಲೀದ ಹುಚ್ಚಿ! ನಿನ್ನ ಗಂಡ ಸಣ್ಣವನಿದ್ದಾಗ ಚಪಾತಿ ಹರದು ಹಾಕಬ್ಯಾಡ, ಇಡೀದ ಬೇಕು ಅಂತಿದ್ದ. ಹರೀಲಾರದ ಹಾಕ್ತಿದ್ದೆ. ಆ ಗೇಣುದ್ದದ ಹುಡುಗಗ ಅಂಜಿ ಹಾಕ್ತಿದ್ದೆನೇನು? ಕೃಷ್ಣನೂ ಹಂಗ. ಕೇಳ್ಯಾನ, ಮಾಡ್ತೀನಿ. ಆತಗ ಕೊಡ್ಲಿಕ್ಕೆ ನನ್ನ ಕಡೆ ಬ್ಯಾರೆ ಏನದ?"

ಉಚ್ಚೆಂಗಮ್ಮ ಬಿಸಿಲು ನೆತ್ತಿಯಿಂದ ಇಳಿದ ಮೇಲೆ ನಡೆದುಕೊಂಡೇ ಬಂದಳು. "ನಿಮ್ಮ ದೇವರಿಗೆ ನನ್ನ ಮ್ಯಾಲ ಭಾಳ ಪ್ರೀತಿ ಬಿಡ್ರಿ ಅಮ್ಮಾರ. ನಾ ಉಂಡ ಮ್ಯಾಲ ನಿಮಗ ಹಾಕ್ತಾನ!" ಎಂದು ಹೊರಗಿನ ಕಟ್ಟೆಯ ಮೇಲೆ ಕೂತು ಉಂಡಳು. ಅತ್ತೆ ಅವಳನ್ನು ಎಂದೂ ಒಳಗೆ ಕರೆಯಲಿಲ್ಲ. ಅದು ಮಾಧವಿಗೆ ಆಗಲೂ ಚುಚ್ಚಿತ್ತು. ಆದರೆ ಅವಳು ಉಣ್ಣುವ ತನಕ ಅತ್ತೆ ಒಂದು ಗುಟುಕು ನೀರು ಕುಡಿದದ್ದನ್ನೂ ಮಾಧವಿ ಕಂಡಿಲ್ಲ.

*

ಮಾಧವಿ ಅಡುಗೆಮನೆಯಿಂದ ಪಡಸಾಲೆಗೆ ಬಂದಾಗ ಮಧ್ವೇಶ ಬಾಗಿ, ಉದ್ಧರಣೆಯ ಚಮಚದಲ್ಲಿ ತೀರ್ಥ ಹಿಡಿದು, ಎಡಗೈಯಿಂದ ಹೆಣದ ತುಟಿ ಬಿಡಿಸುತ್ತಿದ್ದ. ಅವಳು ಹೋಗಿ ಅವನ ಮಣಿಕಟ್ಟು ಹಿಡಿದಳು.

"ತಡೀರಿ ಕಾಕಾ. ಉಚ್ಚೆಂಗಮ್ಮ ಇನ್ನೂ ಉಂಡಿಲ್ಲ."

"ಏನು ಹುಚ್ಚು ಹಿಡೀತೇನು? ಆ ಸೊಪ್ಪಿನಾಕಿಗೂ ಇದಕ್ಕೂ ಏನು ಸಂಬಂಧ?"

"ಆಕಿ ಉಣ್ಣಲಾರದ ಅತ್ತಿ ಒಂದು ದ್ವಾದಶಿನೂ ಉಂಡಿಲ್ಲ. ಆಕಿ ದಾರಿ ನೋಡ್ಕೋತನ ಜೀವ ಬಿಟ್ಟಾರ. ಈಗ ಬ್ಯಾಡ ಅನ್ನಲಿಕ್ಕೆ ಬಾಯಿಲ್ಲ ಅಂತ, ಸತ್ತವರ ಕಡೆ ನೇಮ ಮುರಸ್ತೀರೇನು?"

ಮಧ್ವೇಶ ಕೈ ಕೊಸರಿಕೊಳ್ಳಲು ನೋಡಿದ.

"ಸೂತಕದ ಮನ್ಯಾಗ ಒಲಿ ಹಚ್ಚಂಗಿಲ್ಲ. ದಾನ ಕೊಡಂಗಿಲ್ಲ. ಶಾಸ್ತ್ರ ಓದೀಯೇನು ನೀನು?"

ಮಾಧವಿ ಓದಿರಲಿಲ್ಲ. ತಪ್ಪು ಮಾಡುತ್ತಿದ್ದೇನೇನೋ ಎಂದು ಅಳುಕಿದಳು. ಆದರೂ ಹಿಡಿದ ಕೈ ಬಿಡಲಿಲ್ಲ. "ಒಲಿ ಅತ್ತೀನ ಹಚ್ಚಿ ಅವರ ಆರಿಸ್ಯಾರ. ನೈವೇದ್ಯ ಆದ ಅಡಗಿ. ಬೆಳಗಿಂದ ಎಲ್ಲಾರೂ ಅವರ ನೇಮದ ಗುಣಗಾನ ಮಾಡೀರಿ. ಆ ನೇಮ ಗೇಟಿನ ಹೊರಗ ನಿಂತು ಅಳಲಿಕ್ಕತ್ತದ. ಅದನ್ನ ಒಳಗ ಕರೀಲಿಕ್ಕೆ ನಿಮಗ ಮೈಲಿಗಿ!"

"ಇದರ ಪಾಪ ನಿನ್ನ ತಲಿ ಮ್ಯಾಲ, ನೋಡು."

"ಇರ್ಲಿ, ನನ್ನ ತಲಿ ಮ್ಯಾಲ ಇರ್ಲಿ." ಅವಳು ಬಾಗಿಲಲ್ಲಿ ನಿಂತಿದ್ದ ಗಂಡನತ್ತ ತಿರುಗಿದಳು. "ರೀ, ಚಿಲಕ ತಗೀರಿ."

ಭಾರ್ಗವ್ ಕಾಕಾನ ಮುಖ ನೋಡಿದ. ತಾಯಿಯ ಮುಖ ನೋಡಿದ. ಆಮೇಲೆ ಹೋಗಿ ಚಿಲಕ ತೆಗೆದ.

ಉಚ್ಚೆಂಗಮ್ಮ ಬುಟ್ಟಿ ಹೊರಗಿಟ್ಟು, ರೂಢಿಯಂತೆ ಕಟ್ಟೆಯ ಮೇಲೆ ಕೂರಲು ಹೋದಳು.

"ಅಲ್ಲಿ ಬ್ಯಾಡ, ಒಳಗ ಬಾ."

"ನಾನು ಒಳಗ? ಬ್ಯಾಡ ತಗಿಯವ್ವಾ. ಹೆಣದ ಮುಂದ ಅನ್ನ ನನ್ನ ಗಂಟಲಾಗ ಇಳಿತೈತೇನು?"

"ನೀ ಉಣ್ಣಲಿಲ್ಲಂದ್ರ ಅವರು ಉಪಾಸ ಹೋಗ್ತಾರ."

ಉಚ್ಚೆಂಗಮ್ಮ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಳು. ಆಮೇಲೆ ದಾಟಿದಳು. ಶಾಂತಕ್ಕ ಸೀರೆ ಒಟ್ಟುಗೂಡಿಸಿಕೊಂಡು, "ನಾಕು ಸಲ ಸ್ನಾನ ಆಯ್ತು ಇವತ್ತು," ಎಂದು ಗೊಣಗುತ್ತ ಜಾಗ ಬಿಟ್ಟಳು. ಮಾಧವಿ ಅತ್ತೆಯ ಮಗ್ಗುಲಲ್ಲೇ ಎಲೆ ಹಾಕಿ ಬಡಿಸಿದಳು.

ಮೊದಲ ತುತ್ತು ಹೋಗಲಿಲ್ಲ. ಉಚ್ಚೆಂಗಮ್ಮ ಕಣ್ಣು ಮುಚ್ಚಿ, ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕಡೆಗೆ ನುಂಗಿದಳು. ಇನ್ನೊಂದು ತುತ್ತು ಕಲಸಿದಳು. ಹೆಣವನ್ನು ಹೊಳೆಯ ದಂಡೆಗೆ ಒಯ್ಯಲು ಬಂದಿದ್ದ ವ್ಯಾನಿನವನು ಹೊರಗಿನಿಂದ ಹಾರ್ನ್ ಹೊಡೆದ. ಯಾರೂ ಅಲುಗಲಿಲ್ಲ.

"ಪಲ್ಯಾ ಇನ್ನೊಂದೀಟು ಹಾಕವ್ವಾ," ಎಂದಳು ಉಚ್ಚೆಂಗಮ್ಮ.

ಮಾಧವಿ ಪಾತ್ರೆ ತರಲು ಎದ್ದಳು. ಮಧ್ವೇಶ ಬಾಗಲೂ ಆಗದೆ, ಹಿಂದೆ ಸರಿಯಲೂ ಆಗದೆ, ಉದ್ಧರಣೆ ಹಿಡಿದು ನಿಂತೇ ಇದ್ದ. ಅದರೊಳಗಿನ ತೀರ್ಥ ತೊಟ್ಟುತೊಟ್ಟಾಗಿ ಅವನ ಪಾದದ ಮೇಲೆ ಬೀಳುತ್ತಿತ್ತು.