ಕ್ಯಾಪ್ಸೂಲಿನ ಸಿಪ್ಪೆ

ಅಮರನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬುದ್ಧಿ ಬರುವುದು ಯಾವಾಗಲೂ ಮುಂದಿನ ಬಸ್ಸಿಗೆ. ಆ ಬೆಳಿಗ್ಗೆ ಅವನ ಅಪ್ಪ ಅಪ್ಪಾಸಾಹೇಬರು ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಉಸಿರು ಕಟ್ಟಿ ಕೂತುಬಿಟ್ಟರು. ನೇರ ಆಸ್ಪತ್ರೆಗೆ ಒಯ್ಯಬೇಕಾದವನು ಅವರನ್ನು ಸ್ಕೂಟರಿಗೆ ಹತ್ತಿಸಿ ಧನಕವಡಿಯ ಮೆಡಿಕಲ್ ಅಂಗಡಿಗೆ ಜಗಳಕ್ಕೆ ಹೊರಟ. ನಲವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದ ಮುದುಕನ ಶ್ವಾಸಕೋಶದಲ್ಲಿ ಘಾಟು, ಬೀಡಿ ಎರಡೂ ಮನೆ ಮಾಡಿದ್ದವು. ಎರಡು ತಿಂಗಳಿಂದ ಔಷಧ ಒಂದು ಹೊತ್ತೂ ತಪ್ಪಿರಲಿಲ್ಲ. ಆದರೂ ಗುಣವಿಲ್ಲವೆಂದರೆ ಮಾರಿದವನೇ ಕಳ್ಳ ಎಂದು ಅಮರ ತೀರ್ಮಾನಿಸಿದ್ದ.

"ಡೂಪ್ಲಿಕೇಟ್ ಔಷಧ ಮಾರ್ತಿ ಏನಲೇ?"

ಅಂಗಡಿಯ ಸುಖೇಶ್ ಉಡುಪಿ ಕಡೆಯವನು. ಎದ್ದು ನಿಲ್ಲುವ ಮೊದಲೇ ಕಪಾಳಕ್ಕೆ ಬಿತ್ತು. "ಮಾರಾಯ್ರೆ, ಸ್ವಲ್ಪ ಮಾತಾಡುವ..." ಎನ್ನುತ್ತಿದ್ದವನ ಕೊರಳಪಟ್ಟಿ ಹಿಡಿದು ಅಮರ ಕೌಂಟರಿನ ಮೇಲಿಂದ ಎಳೆದ. ಗಾಜು ಒಡೆಯಿತು. ಕೆಮ್ಮಿನ ಸಿರಪ್ಪಿನ ಬಾಟಲಿಗಳು ಉರುಳಿ ಚೂರಾದವು. ಬಿಡಿಸಲು ಬಂದ ಹಾಲಿನವನ ಎದೆಗೆ ಮೊಣಕೈ ಬಿತ್ತು. "ಅರೇ, ಸೋಡ್ ತ್ಯಾಲಾ!" ಬಿಡೋ ಅವನನ್ನು ಎಂದು ಬೀದಿಯ ಜನ ಮರಾಠಿಯಲ್ಲಿ ಕೂಗಿದರು. ಬಿಡುವವನೇ ಅಮರ? ಕೈಯಲ್ಲಿದ್ದ ಹೆಲ್ಮೆಟ್ ಎತ್ತಿ ಸುಖೇಶನ ಬಾಯಿಗೇ ಅಪ್ಪಳಿಸಿದ. ಮೇಲ್ದುಟಿ ಸೀಳಿತು, ಮುಂದಿನ ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು. ಮತ್ತೆ ಎತ್ತಿದಾಗ ಅವನಿಗೆ ಹಿತವೆನಿಸಿತು, ಸುಳ್ಳೇಕೆ?

ಹೊರಗೆ ಸ್ಟೂಲಿನ ಮೇಲೆ ಕೂತ ಅಪ್ಪಾಸಾಹೇಬರ ಎದೆ ಸುಂಯ್ ಸುಂಯ್ ಎನ್ನುತ್ತಿತ್ತು. ನೆಲಕ್ಕೆ ಬಿದ್ದಿದ್ದರೂ ಸುಖೇಶನ ಕಿವಿ ಅತ್ತಲೇ ಹೋಯಿತು.

"ಇವತ್ತು ಎಷ್ಟು ಕ್ಯಾಪ್ಸೂಲ್ ತಗೊಂಡಿದ್ದಾರೆ?" ರಕ್ತ ಉಗುಳಿ ಕೇಳಿದ.

"ನಾಕು," ಎಂದರು ಅಪ್ಪಾಸಾಹೇಬರು.

"ನಾಲ್ಕಾ! ಉಸಿರೆಳೆಯುವ ಮಷೀನಿಂದ ಖಾಲಿ ಸಿಪ್ಪೆ ತೆಗೆದು ಎಸೀತೀರಲ್ಲ?"

"ಸಿಪ್ಪಿ... ಎಲ್ಲಿಂದ ಬರ್ತದೋ ತಮ್ಮಾ? ಮಜ್ಜಿಗಿ ಕೂಡ... ನುಂಗ್ತೀನಲ್ಲ."

"ಮತ್ತ ಮಷೀನು?" ಅಮರ ಕೇಳಿದ. ಹೆಲ್ಮೆಟ್ ಇನ್ನೂ ಮೇಲೆಯೇ ಇತ್ತು.

"ತಿಜೋರ್‍ಯಾಗ ಅದ. ಹೊಸಾದು... ಸುಮ್ಮ ಯಾಕ ಸವಸೋದು? ಭಾಳ ತ್ರಾಸ ಆದಾಗ ತಗದ್ರಾತಂತ..."

ಕ್ಯಾಪ್ಸೂಲಿನೊಳಗಿನ ಪುಡಿಯನ್ನು ಮಷೀನಿಗೆ ಹಾಕಿ ಉಸಿರಿನೊಂದಿಗೆ ಎಳೆದರೆ ಎದೆಗೆ ಹೋಗುತ್ತದೆ, ನುಂಗಿದರೆ ಹೊಟ್ಟೆಗೆ. ಎರಡು ತಿಂಗಳ ಹಿಂದೆ ಇದೇ ಕೌಂಟರಿನಲ್ಲಿ ಸುಖೇಶ್ ಇದನ್ನೆಲ್ಲ ಹೇಳಿದ್ದ. ಮನೆಗೆ ಹೋಗಿ ಅಪ್ಪನಿಗೆ ಒಮ್ಮೆ ತೋರಿಸಿ ಎಂದೂ ಹೇಳಿದ್ದ. ಆಗ ಅಮರ ಮೊಬೈಲ್ ಕಿವಿಗಿಟ್ಟುಕೊಂಡು ಸಾಸವಡದ ಯಾವುದೋ ಪ್ಲಾಟಿನ ಮಾತಾಡುತ್ತಿದ್ದ. "ಹೂಂ, ಹೂಂ" ಎಂದು ಪೊಟ್ಟಣ ಕಸಿದುಕೊಂಡು ಹೋಗಿದ್ದ. ಈಗ ಎಲ್ಲ ನೆನಪಾಯಿತು. ಅದೇ ಹೆಲ್ಮೆಟ್ಟಿನಿಂದ ತನ್ನ ತಲೆ ಜಜ್ಜಿಕೊಳ್ಳಬೇಕೆನಿಸಿತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೇ ಎನ್ನುತ್ತಾರೆ. ಇಲ್ಲಿ ಹೋದದ್ದು ಬೇರೆಯವನ ಹಲ್ಲು.

ಸುಖೇಶ್ ಕಪಾಟು ಹಿಡಿದು ಎದ್ದ. ಒಂದು ಹೊಸ ಮಷೀನಿಗೆ ಕ್ಯಾಪ್ಸೂಲ್ ಹಾಕಿ ತಿರುವಿ ಅಪ್ಪಾಸಾಹೇಬರ ಕೈಗಿತ್ತ. ತೋರಿಸಲೆಂದು ಖಾಲಿಯದೊಂದನ್ನು ತಾನು ಹಿಡಿದ. "ನೋಡಿ ಅಜ್ಜ, ಮೊದಲು ಉಸಿರು ಹೊರಗೆ ಬಿಡಿ. ಮಷೀನಿನೊಳಗೆ ಊದಬೇಡಿ. ಆಮೇಲೆ ತುಟಿ ಬಿಗಿಯಾಗಿ ಮುಚ್ಚಿ, ಜೋರಾಗಿ ಎಳೀಬೇಕು."

ಬಾಯಿಗಿಟ್ಟುಕೊಂಡ. ಸೀಳಿದ ತುಟಿ ಮುಚ್ಚಿಕೊಳ್ಳಲಿಲ್ಲ. ಗಾಳಿ ಸಂದಿಯಿಂದ ಸೋರಿತು, ರಕ್ತ ಮಷೀನಿನ ಮೇಲೆ ಇಳಿಯಿತು. ಇನ್ನೊಮ್ಮೆ ಪ್ರಯತ್ನಿಸಿದ. ನೋವಿಗೆ ಕಣ್ಣಲ್ಲಿ ನೀರು ಬಂತು.

"ನನ್ನಿಂದ ಆಗುದಿಲ್ಲ," ಎಂದು ಅದನ್ನು ಅಮರನ ಕಡೆ ಚಾಚಿದ. "ನೀವೇ ತೋರಿಸಿ."

ಅಮರ ಅಂಗಿಯ ತುದಿಯಿಂದ ಒರೆಸಿ ಬಾಯಿಗಿಟ್ಟುಕೊಂಡ. ನಾಲಿಗೆಗೆ ಉಪ್ಪು ತಾಗಿತು. ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ಜೋರಾಗಿ ಎಳೆದ. ಅಪ್ಪಾಸಾಹೇಬರೂ ಎಳೆದರು. ಹತ್ತು ಎಣಿಸುವವರೆಗೆ ಉಸಿರು ಹಿಡಿಯಲು ಹೇಳಿದ ಸುಖೇಶ್. ಅವರು ಆರಕ್ಕೇ ಬಿಟ್ಟರು. ಐದು ನಿಮಿಷದಲ್ಲಿ ಸುಂಯ್‌ಗುಟ್ಟುವುದು ಸ್ವಲ್ಪ ಇಳಿಯಿತು.

"ಇನ್ನೊಂದ್ ನಾಕು ಕೊಡಪ್ಪಾ!"

"ಹಾಗೆಲ್ಲ ತಗೊಳ್ಳುವ ಹಾಗಿಲ್ಲ ಅಜ್ಜ, ಎದೆ ಡವಡವ ಹೊಡೀತದೆ. ಇನ್ನು ಆಸ್ಪತ್ರೆಗೆ ನಡೀರಿ, ಅಲ್ಲಿ ಡಾಕ್ಟರು ನೋಡ್ತಾರೆ." ಅಪ್ಪಾಸಾಹೇಬರ ಮಷೀನು ಬಿಚ್ಚಿ ಖಾಲಿ ಸಿಪ್ಪೆಯನ್ನು ಅಮರನ ಅಂಗೈಗೆ ಉದುರಿಸಿದ. "ನಾನು ಪೊಲೀಸ್ ಕಂಪ್ಲೇಂಟ್ ಕೊಡ್ತೇನೆ."

"ಕೊಡ್ರಿ." ಅಮರ ಹೆಲ್ಮೆಟ್ಟನ್ನು ಒಡೆದ ಕೌಂಟರಿನ ಮೇಲಿಟ್ಟ. "ಇದನ್ನೂ ತೋರಸ್ರಿ."

ಸ್ಕೂಟರನ್ನು ಅಲ್ಲೇ ಬಿಟ್ಟು ರಿಕ್ಷಾದಲ್ಲಿ ಅಪ್ಪನ ಬೆನ್ನು ಸವರುತ್ತ ಕೂತಾಗ ಬಾಯಿಯ ಉಪ್ಪು ಇನ್ನೂ ಹೋಗಿರಲಿಲ್ಲ.