ಸೇನಾಪತಿಗೆ ಇಲ್ಲದ ತೋಳು

ಖಾಜಾಸಾಬ್ ಒಂದು ಸಿನಿಮಾವನ್ನು ‘ನೋಡಬೇಕಾದ್ದು’ ಎಂದುಬಿಟ್ಟರೆ ಹೊನ್ನಾಳಿಯಲ್ಲಿ ಅದರ ಮೇಲೆ ಯಾರೂ ಎರಡನೆಯ ಮಾತಾಡುತ್ತಿರಲಿಲ್ಲ. ‘ಬ್ಯಾಡ ಬಿಡ್ರಿ’ ಎಂದನೋ, ಟೆಂಟಿನವನು ತಮಟೆ ಬಡಿಸಿ ಊರೆಲ್ಲ ಸಾರಿಸಿದರೂ ಪರದೆಯ ಮುಂದಿನ ನೆಲ ಖಾಲಿ ಬೀಳುತ್ತಿತ್ತು.

ಅವನು ಬಳೆಗಾರ. ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಸಂತೆಯಿಂದ ಸಂತೆಗೆ ತಿರುಗುವವನು. ಹೆಂಡತಿ ಗುಲ್ಜಾರ್‌ಬೀಯೂ ಜೊತೆಗಿರುತ್ತಿದ್ದಳು. ಗೋಷಾ ಪಾಲಿಸುವ ಮನೆಗಳೊಳಗೆ ಗಂಡಸು ಕಾಲಿಡುವಂತಿಲ್ಲವಾದ್ದರಿಂದ ಒಳಮನೆಯ ಹೆಂಗಸರಿಗೆ ಬಳೆ ತೊಡಿಸುವುದು ಅವಳ ಪಾಲಿನ ಕೆಲಸ. ಟೂರಿಂಗ್ ಟಾಕೀಸಿನ ಟೆಂಟೂ ಹೆಚ್ಚು ಕಡಿಮೆ ಅವರ ದಾರಿಯಲ್ಲೇ ತಿರುಗುತ್ತಿತ್ತು. ಮೊದಲು ಜಗಳೂರು, ಆಮೇಲೆ ಚನ್ನಗಿರಿ, ನ್ಯಾಮತಿ, ಕಡೆಗೆ ಹೊನ್ನಾಳಿ. ಹೀಗಾಗಿ ಹೊನ್ನಾಳಿಗೆ ಸಿನಿಮಾ ಬರುವ ಮೊದಲೇ ಖಾಜಾಸಾಬನ ತೀರ್ಪು ಬರುತ್ತಿತ್ತು. ಬಂದವುಗಳಲ್ಲಿ ಮುಕ್ಕಾಲು ಹಿಂದಿ ಸಿನಿಮಾಗಳು. ಕತೆಯನ್ನೂ ಮಾತುಗಳನ್ನೂ ಅವನು ಮುಂಚೆಯೇ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಉಳಿದವರಿಗೆ ನೋಡುವಾಗ ಅರ್ಥವಾಗುತ್ತಿತ್ತು. ಪರದೆಯ ಮೇಲೆ ಯಾರೋ ಅತ್ತರೆ ಇವರಿಗೆ ಅಳುವ ಕಾರಣ ಗೊತ್ತಿರುತ್ತಿತ್ತು.

ಈ ಸಿನಿಮಾ ಹುಚ್ಚಿನವರೆಲ್ಲ ಸಂಜೆ ಸೇರುತ್ತಿದ್ದುದು ಹಾಲಸ್ವಾಮಿಯ ಬಾಡಿಗೆ ಸೈಕಲ್ ಅಂಗಡಿಯಲ್ಲಿ. ಆ ಕೂಟದಲ್ಲಿ ಖಾಜಾಸಾಬನನ್ನು ಪೂರಾ ನಂಬದವನು ಒಬ್ಬನೇ, ಜವಳಿ ಅಂಗಡಿಯ ಮುರುಗೇಶಪ್ಪ. ಅಳೆದ ಬಟ್ಟೆಯನ್ನು ಮತ್ತೊಮ್ಮೆ ಅಳೆಯದೆ ಕತ್ತರಿ ಹಾಕುವವನಲ್ಲ ಅವನು. ಮನೆಯ ಅಗಳಿಯನ್ನು ಹಾಕಿ ಮಲಗಿದ ಮೇಲೂ ಎದ್ದು ಹೋಗಿ ಮುಟ್ಟಿ ನೋಡುತ್ತಿದ್ದ.

ಅವನ ಅನುಮಾನಕ್ಕೆ ಬೀಜ ಬಿತ್ತಿದವನು ನ್ಯಾಮತಿಯ ಗಾಡಿ ಚಿಕ್ಕಹನುಮಂತಪ್ಪ. ಬಟ್ಟೆಯ ಮೂಟೆ ಇಳಿಸುತ್ತ ಅವನು ಮಾತಿಗೆ ಮಾತು ಬಂದು ಅಂದಿದ್ದ: “ನಿಮ್ಮ ಖಾಜಾಸಾಬ್ರು ಒಳಗೆ ಆಟ ನಡೀವಾಗ ಟೆಂಟಿನ ಹೊರಗೆ ಬೇವಿನ ಗಿಡದ ಬುಡದಾಗೆ ಕುಂತಿದ್ರಪ್ಪ. ಮಲಾರ ತೊಡೆ ಮ್ಯಾಲೆ. ನಾನು ಮಾತಾಡ್ಸಿದ್ರೆ ಸುಮ್ಕಿರು ಅಂತ ಕೈ ಮಾಡಿದ್ರು.”

ಅಂದಿನಿಂದ ಮುರುಗೇಶಪ್ಪ ಖಾಜಾಸಾಬನ ಕತೆಗಳನ್ನು ಬೇರೆ ಕಿವಿಯಿಂದ ಕೇಳತೊಡಗಿದ. ಹಾಡುಗಳೆಂದರೆ ಮೊದಲಿನಿಂದ ಕೊನೆಯವರೆಗೆ ಗುನುಗುತ್ತಾನೆ, ಮಾತುಗಳನ್ನು ಉಸಿರು ಸಮೇತ ಒಪ್ಪಿಸುತ್ತಾನೆ. ರಾಣಿಯ ಜುಮಕಿಯಲ್ಲಿ ಮುತ್ತು ಹೇಗೆ ಜೋತಾಡಿತು, ದಾಸಿಯ ಸೆರಗಿನ ಅಂಚು ಎಷ್ಟು ಅಗಲ, ಎಲ್ಲ ಹೇಳುತ್ತಾನೆ. ಆದರೆ ಕುದುರೆ ಬಿದ್ದದ್ದು ಹೇಗೆ ಎಂದು ಕೇಳಿದರೆ, “ಬಿತ್ತು ನೋಡ್ರಿ, ಹಂಗೇ ಬಿತ್ತು” ಎನ್ನುತ್ತಾನೆ. ಗಂಡಸು ಕುದುರೆ ನೋಡದೆ ಜುಮಕಿ ನೋಡುತ್ತಾನೆಯೆ? ಬಳೆಗಾರನಾದ್ದರಿಂದ ಇರಬಹುದು ಎಂದು ಒಮ್ಮೆ ಸಮಾಧಾನ ಮಾಡಿಕೊಳ್ಳುತ್ತಿದ್ದ. ಮರುಗಳಿಗೆಯೇ ಹುಳ ಮತ್ತೆ ಕೊರೆಯುತ್ತಿತ್ತು.

ಅಷ್ಟರಲ್ಲಿ ನ್ಯಾಮತಿಯ ಟೆಂಟಿಗೆ ಒಂಟಿತೋಳಿನ ಸೇನಾಪತಿಯ ಸಿನಿಮಾ ಬಂತು. ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡ ಸೇನಾಪತಿಯನ್ನು ರಾಜ ಕಡೆಗಣಿಸುತ್ತಾನೆ. ಅದೇ ಸೇನಾಪತಿ ಲಗಾಮನ್ನು ಹಲ್ಲಿನಲ್ಲಿ ಕಚ್ಚಿ ಕುದುರೆ ಓಡಿಸಿಕೊಂಡು ಬಂದು ರಾಜನ ಪ್ರಾಣ ಉಳಿಸುತ್ತಾನೆ. ಖಾಜಾಸಾಬ್ ಹೇಳುತ್ತಿದ್ದಾಗ ಹಾಲಸ್ವಾಮಿ ಪಂಕ್ಚರ್ ಹಾಕುವುದನ್ನೇ ಬಿಟ್ಟು ಬಾಯಿ ತೆರೆದು ಕುಳಿತಿದ್ದ.

“ಮನೆ ಹೆಂಗಸ್ರನ್ನ ಕರ್ಕಂಡು ಹೋಗ್ರಿ,” ಎಂದು ಖಾಜಾಸಾಬ್ ಮುಗಿಸಿದ. “ತಲೆ ತಗ್ಗಿಸೋ ಅಂಥದ್ದು ಒಂದೂ ಇಲ್ಲ. ನನ್ನ ಮಾತು ಸುಳ್ಳಾದ್ರೆ ಇನ್ನು ಈ ಬಾಗಲಿಗೆ ಬರಲ್ಲ.”

ಆ ಮಾತು ಕೇಳಿಯೇ ಮುರುಗೇಶಪ್ಪ ಮನೆಯಲ್ಲಿ ತಾಯಿಯನ್ನು ಕಾಡಿ ಬೇಡಿ, ಹೆಂಡತಿ ಕರಿಬಸಮ್ಮನನ್ನು ಟೆಂಟಿಗೆ ಕರೆದೊಯ್ಯಲು ಅಪ್ಪಣೆ ಪಡೆದ. ಪಡೆದ ಮೇಲೆ ಅನುಮಾನ ಮತ್ತೆ ತಲೆಯೆತ್ತಿತು. ಖಾಜಾಸಾಬ್ ನೋಡದೆಯೇ ಹೇಳಿದ್ದರೆ?

ಅದು ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಬರ. ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಂತು ಜನರಿಂದ ನೂಕಿಸಿಕೊಳ್ಳುತ್ತಿತ್ತು. ಅದರಲ್ಲೇ ಮುರುಗೇಶಪ್ಪ ಅಂಗಡಿಯ ಮಾಲಿಗಾಗಿ ದಾವಣಗೆರೆಗೆ ಹೋದ. ಅಲ್ಲಿನ ಟಾಕೀಸಿನಲ್ಲಿ ಅದೇ ಸೇನಾಪತಿಯ ಸಿನಿಮಾ ನಡೆಯುತ್ತಿತ್ತು. ನೋಡಿದ. ಹೆಂಡತಿಯನ್ನು ಟೆಂಟಿಗೆ ಕರೆದೊಯ್ಯಲು ಅಡ್ಡಿಯಿಲ್ಲ ಎಂದು ಮನಸ್ಸು ಹಗುರಾಯಿತು. ಆದರೂ ಬಸ್ಸಿನಲ್ಲಿ ಮರಳುವಾಗ, ಖಾಜಾಸಾಬನನ್ನು ಒಮ್ಮೆ ಪರೀಕ್ಷಿಸಿಯೇ ಬಿಡೋಣ ಎಂದುಕೊಂಡ.

ಮರುದಿನ ಸಂಜೆ ಎಲ್ಲರೆದುರು ಕೇಳಿದ: “ಸಾಬ್ರೆ, ಆ ಸೇನಾಪತಿಗೆ ಯಾವ ತೋಳು ಇರಲಿಲ್ಲ?”

“ಎಡದ್ದು,” ಎಂದ ಖಾಜಾಸಾಬ್.

“ಕತ್ತಿ ಯಾವ ಕೈಯಾಗೆ ಹಿಡೀತಾನೆ?”

“ಇಲ್ಲದ ಕೈಯಾಗೆ ಹಿಡಿಯಾಕೆ ಆಗ್ತದೇನ್ರಿ? ಬಲಗೈಯಾಗೆ!”

ಎಲ್ಲರೂ ನಕ್ಕರು. ಮುರುಗೇಶಪ್ಪ ನಗಲಿಲ್ಲ. “ನಾನು ನಿನ್ನೆ ದಾವಣಗೆರೆಯಾಗೆ ಕಣ್ಣಾರೆ ನೋಡಿ ಬಂದೀನಿ. ಅವನಿಗಿಲ್ಲದ್ದು ಬಲಗೈ. ಕತ್ತಿ ಹಿಡಿಯೋದು ಎಡಗೈಯಾಗೆ.”

ಖಾಜಾಸಾಬನ ಮುಖ ಸಪ್ಪಗಾಯಿತು. “ಹಂಗಾರೆ ನಾನೇ ಮರ್ತಿರಬೇಕು.”

“ಇಡೀ ಸಿನಿಮಾ ಆ ತೋಳು ಕಣ್ಣ ಮುಂದೇ ಇರ್ತೈತೆ. ಜುಮಕಿ ನೆನಪಿರ್ತೈತೆ, ತೋಳು ಮರೀತೈತೆ? ನ್ಯಾಮತಿಯಾಗೆ ಆಟದ ಹೊತ್ತಿನಾಗೆ ನೀವು ಹೊರಗೆ ಕುಂತಿದ್ದನ್ನ ಕಂಡೋರು ಅದಾರೆ.”

ಹಾಲಸ್ವಾಮಿ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. “ಸಾಬ್ರೆ, ಇಲ್ಲ ಅನ್ರಿ. ಒಂದು ಮಾತು ಅನ್ರಿ, ಸಾಕು.”

ಖಾಜಾಸಾಬ್ ಏನೂ ಅನ್ನಲಿಲ್ಲ.

“ಟೆಂಟಿನೋನು ಹೊಗಳಾಕೆ ಅಂತ ಇಟ್ಕಂಡಾನೇನೋ!” ಎಂದ ಶಿವಮೂರ್ತಪ್ಪ. ಅಡಿಕೆ ಮಂಡಿಯಲ್ಲಿ ತೂಕ ಹಾಕುವ ಅವನ ನಾಲಗೆ ಕೂಟದಲ್ಲೆಲ್ಲ ಹೆಚ್ಚು ಚೂಪು. “ನಾವು ಬೆಪ್ಪುತಕ್ಕಡಿಗಳು, ಊರಿಗೆಲ್ಲ ಇವರ ಮಾತೇ ಸಾರ್ಕಂಡು ಬಂದ್ವಿ.”

ಖಾಜಾಸಾಬ್ ಮಲಾರ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಸುಳ್ಳು ಸಿಕ್ಕಿಬಿದ್ದವನು ಹೀಗೆಯೇ ಹೋಗುತ್ತಾನೆ ಎಂದು ಎಲ್ಲರೂ ಒಪ್ಪಿದರು. ಮುರುಗೇಶಪ್ಪನ ಬೆನ್ನು ತಟ್ಟಿದರು. ಅವನಿಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಸುಳ್ಳುಗಾರನಾದರೆ ಇನ್ನೊಂದು ಸುಳ್ಳು ಹೇಳಿ ಪಾರಾಗಬಹುದಿತ್ತಲ್ಲ, ಯಾಕೆ ಹೇಳಲಿಲ್ಲ?

ಟೆಂಟು ಹೊನ್ನಾಳಿಗೆ ಬಂದು ಹೊಳೆಯ ದಂಡೆಯ ಬಯಲಲ್ಲಿ ನಿಂತಿತು. ಊರೆಲ್ಲ ಸೇನಾಪತಿಯನ್ನು ನೋಡಿತು. ಬಲತೋಳು ಇಲ್ಲದ್ದನ್ನು ಕಂಡ ಪ್ರತಿಯೊಬ್ಬರೂ ಖಾಜಾಸಾಬನ ಹೆಸರೆತ್ತಿ ನಕ್ಕರು. ಮುರುಗೇಶಪ್ಪ ಕರಿಬಸಮ್ಮನನ್ನು ಹೆಂಗಸರ ಬಾಗಿಲಿಗೆ ಬಿಟ್ಟು ತಾನು ಗಂಡಸರ ಕಡೆ ಕುಳಿತ.

ಮರುದಿನ ಬೆಳಗ್ಗೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಕರಿಬಸಮ್ಮನ ಬಾಯಿ ತುಂಬ ಸೇನಾಪತಿಯೇ. “ಪಾಪ, ಎಡಗೈ ಇಲ್ಲದೋನು ಹೆಂಗೆ ಬಡಿದಾಡ್ತಾನೆ ಅಂತೀನಿ!”

“ಎಡಗೈ ಅಲ್ಲ, ಬಲಗೈ.”

“ಎಡಗೈ ರೀ.”

ಮುರುಗೇಶಪ್ಪ ಅವಳನ್ನೇ ದಿಟ್ಟಿಸಿದ. “ನೀನು ಒಳಗೆ ಹೋಗಿದ್ದು ಖರೇನಾ? ಇಲ್ಲ, ಹೊರಗೆ ಯಾರ ಜೊತೆಗಾದ್ರೂ ಮಾತಾಡ್ಕಂತ ಕುಂತಿದ್ದೇನು?”

ರೊಟ್ಟಿ ತಟ್ಟುವ ಕೈ ನಿಂತಿತು. “ಕಟ್ಕಂಡ ಹೆಂಡ್ತಿ ಮ್ಯಾಲೂ ಅನುಮಾನನಾ? ನಾನೇನು ಕುರುಡಿನಾ? ನಮ್ಮನ್ನ ಕುಂಡ್ರಿಸಿದ್ದು ಆ ದೊಡ್ಡ ಬಟ್ಟೆ ಹಿಂದೆ. ನೀವು ಆ ಕಡೆ, ನಾವು ಈ ಕಡೆ. ನಡುವೆ ಸಿನಿಮಾ. ಅಲ್ಲಿಂದ ನನಗೆ ಕಂಡಿದ್ದು ಎಡಗೈಯೇ.”

ಹಿಟ್ಟು ಹತ್ತಿದ ಕೈಯಿಂದಲೇ ಅವಳು ಸೆರಗನ್ನು ಬೆಳಕಿಗೆ ಅಡ್ಡ ಹಿಡಿದಳು. ಸೆರಗಿನ ಅಂಚಿನ ಹಂಸ ಅವನ ಕಡೆಯಿಂದ ಒಂದು ದಿಕ್ಕಿಗೆ ನೋಡುತ್ತಿತ್ತು, ಅವಳ ಕಡೆಯಿಂದ ಇನ್ನೊಂದು ದಿಕ್ಕಿಗೆ. ನೀರು ಚಿಮುಕಿಸಿದ ಪರದೆಯಲ್ಲಿ ಚಿತ್ರ ಎರಡೂ ಕಡೆ ಮೂಡುತ್ತದೆಂದು ಅವನಿಗೆ ಗೊತ್ತಿತ್ತು. ಹಿಂದೆ ಕುಳಿತವರಿಗೆ ಎಡಬಲ ಅದಲು ಬದಲಾಗುತ್ತದೆಂದು ಎಂದೂ ಯೋಚಿಸಿರಲಿಲ್ಲ.

“ನನ್ನ ಪಕ್ಕದಾಗೇ ಗುಲ್ಜಾರ್‌ಬೀ ಕುಂತಿದ್ಲು,” ಎಂದಳು ಕರಿಬಸಮ್ಮ, ದನಿ ತಗ್ಗಿಸಿ. “ಪ್ರತಿ ಊರಾಗೂ ನೋಡ್ತಾಳಂತೆ. ಏನು ಚೆಂದ ಹೇಳ್ತಾಳೆ ಅಂತೀರಿ! ಆಕೆ ಗಂಡ ಬಳೆ ಕಾಯ್ಕಂತ ಹೊರಗೆ ಕುಂತಿರ್ತಾನಂತೆ. ಒಳಗಿನ ನೂಕುನುಗ್ಗಲಾಗೆ ಗಾಜು ಉಳಿಯಲ್ಲ ನೋಡ್ರಿ. ಮಾತು ಹಾಡು ಅವನ ಕಿವಿಗೆ ಬೀಳ್ತಾವೆ, ಕಂಡಿದ್ದನ್ನ ಈಕೆ ಹೇಳ್ತಾಳೆ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕೈ ಹಿಡ್ಕಂಡು ಕೇಳ್ಕಂಡಾಳೆ. ಊರೂರಿನ ಟೆಂಟಿನಾಗೆ ಕುಂಡ್ರೋಳು ಅಂತ ಗೊತ್ತಾದ್ರೆ ಗೋಷಾ ಮನೆಯೋರು ಒಳಗೆ ಬಿಟ್ಕಣಲ್ಲ. ನೀವೂ ಬಾಯಿ ಬಿಡಬ್ಯಾಡ್ರಿ.”

ಮುರುಗೇಶಪ್ಪ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಖಾಜಾಸಾಬ್ ಸಿನಿಮಾ ನೋಡಿರಲಿಲ್ಲ, ಅದು ನಿಜ. ಅವನು ಹೇಳಿದ್ದು ಸುಳ್ಳಲ್ಲ, ಅದೂ ನಿಜ. ಈಗ ಅವನ ಹೆಸರನ್ನು ಎತ್ತಿ ನಿಲ್ಲಿಸುವುದು ಹೇಗೆ? ಪರದೆಯ ಹಿಂದೆ ಕುಳಿತು ನೋಡಿದ್ದ ಎಂದರೆ, ಹೆಂಗಸರ ನಡುವೆ ಹೋಗಿ ಕುಳಿತನೇ ಎಂದು ಚರ್ಮ ಸುಲಿಯುತ್ತಾರೆ. ಹೆಂಡತಿ ನೋಡಿದ್ದಳು ಎಂದರೆ ಅವಳ ಅನ್ನಕ್ಕೇ ಕಲ್ಲು.

ಸಂತೆಯ ದಿನ ಮುರುಗೇಶಪ್ಪ ನ್ಯಾಮತಿಗೆ ಹೋದ. ಖಾಜಾಸಾಬ್ ಕಟ್ಟೆಯ ನೆರಳಲ್ಲಿ ಬಳೆ ಹರಡಿಕೊಂಡು ಕುಳಿತಿದ್ದ. ಬುರ್ಖಾ ಹಾಕಿದ ಗುಲ್ಜಾರ್‌ಬೀ ಹಿಂದೆ ಗೋಡೆಗೆ ಆತುಕೊಂಡು ಬಳೆ ಪೋಣಿಸುತ್ತಿದ್ದಳು.

“ಇನ್ನೇನು ಕೇಳಾಕೆ ಬಂದ್ರಿ ಮುರುಗೇಶಪ್ಪರೆ?” ಎಂದ ಖಾಜಾಸಾಬ್. “ರಾಜಂಗೆ ಮೀಸೆ ಇತ್ತೋ ಇಲ್ವೋ ಅಂತನಾ?”

“ನನಗೆಲ್ಲ ಗೊತ್ತಾತು ಸಾಬ್ರೆ. ಪರದೆ ಹಿಂದಿನ ಸಂಗತಿ.”

ಖಾಜಾಸಾಬನ ಕೈ ತಟ್ಟನೆ ಬಳೆಗಳ ಮೇಲೆ ಬಂತು, ಯಾರೋ ಅವನ್ನು ಕಿತ್ತುಕೊಳ್ಳಲು ಬಂದಂತೆ. “ಯಾರಿಗೆ ಹೇಳಿದ್ರಿ?”

“ಯಾರಿಗೂ ಇಲ್ಲ.”

“ಯಾವಾಗ ಹೇಳೋರಿದೀರಿ?”

“ಹೇಳಲ್ಲ ಅಂತ ಹೇಳಾಕೇ ಬಂದೀನಿ. ನನ್ನಿಂದ ತಪ್ಪಾತು.” ಬಸ್ಸಿನಲ್ಲಿ ಬರುವಾಗ ಕಟ್ಟಿಕೊಂಡು ಬಂದ ಮಾತನ್ನು ಮುರುಗೇಶಪ್ಪ ಹೊರಗಿಟ್ಟ. “ಅವತ್ತು ಬೆಳಗ್ಗೆ ನಾನೇ ನಿಮಗೆ ‘ಸಂಜೆ ಎಡಗೈ ಅನ್ರಿ, ಅವರನ್ನ ಏಮಾರ್ಸಿ ತಮಾಷೆ ಮಾಡಾನ’ ಅಂತ ಹೇಳ್ಕೊಟ್ಟಿದ್ದೆ, ಆಮೇಲೆ ನಾನೇ ಕೈ ಕೊಟ್ಟೆ ಅಂತೀನಿ. ನ್ಯಾಮತಿಯಾಗೆ ಕಂಡೋರು ಅದಾರೆ ಅಂದಿದ್ದೂ ಕಟ್ಟಿದ ಮಾತು ಅಂತೀನಿ. ನೀವು ಹೌದು ಅಂದ್ರೆ ಸಾಕು.”

“ಯಾಕೆ? ಇದರಾಗೆ ನಿಮಗೇನು ಸಿಗ್ತದೆ?”

“ಏನೂ ಇಲ್ಲ.”

“ಏನೂ ಸಿಗದೆ ಯಾರೂ ತಮ್ಮ ಮುಖಕ್ಕೆ ತಾವೇ ಮಸಿ ಬಳ್ಕಣಲ್ಲ ಸ್ವಾಮಿ.”

ಹಿಂದಿನಿಂದ ಗುಲ್ಜಾರ್‌ಬೀ ಗಂಡನಿಗೆ ಏನೋ ಪಿಸುಗುಟ್ಟಿದಳು. ಅವನು ಮನಸ್ಸಿಲ್ಲದ ಮನಸ್ಸಿನಿಂದ ಕೇಳಿದ: “ನಿಮ್ಮ ಮನೆಯೋರಿಗೆ ಪಿಕ್ಚರ್ ಹಿಡಿಸ್ತಾ ಅಂತ ಕೇಳ್ತಾಳೆ.”

“ಭಾಳ ಹಿಡಿಸ್ತು. ಸೇನಾಪತಿ ತಾಯಿ ಮಗನಿಗೆ ಉಣ್ಸೋ ಜಾಗದಾಗೆ ಅತ್ಲಂತೆ.”

ಬುರ್ಖಾದೊಳಗಿಂದ ಒಂದು ಸಣ್ಣ ನಗು ಕೇಳಿಸಿತು. ಮತ್ತೆ ಪಿಸುಮಾತು.

“ಅಲ್ಲಿ ಅಳದೇ ಇದ್ರೆ ಆಕೆ ಸ್ನೇಹನೇ ಬ್ಯಾಡ ಅಂತಿದ್ದೆ, ಅಂತಾಳೆ,” ಎಂದ ಖಾಜಾಸಾಬ್. ಆಮೇಲೆ ಬಳೆಗಳತ್ತ ನೋಡುತ್ತ, “ಹೇಳ್ಕಳ್ರಿ ನೀವು. ಆದ್ರೆ ಈಕೆ ಹೆಸರು ಹೊರಗೆ ಬಂತೋ...” ಎಂದು ನಿಲ್ಲಿಸಿದ.

ಆ ಸಂಜೆಯೇ ಮುರುಗೇಶಪ್ಪ ಸೈಕಲ್ ಅಂಗಡಿಯಲ್ಲಿ ಎಲ್ಲರೆದುರು ತಾನು ಕಟ್ಟಿದ ಕತೆಯನ್ನು ಹೇಳಿದ. ಎರಡು ಸಲ ಮಾತು ತಪ್ಪಿ, ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ಅವನಿಗೆ.

ಹಾಲಸ್ವಾಮಿ ಕೈ ಒರೆಸಿಕೊಂಡು ಎದ್ದು ನಿಂತ. “ಒಬ್ಬ ಮನುಷ್ಯನ್ನ ಇಷ್ಟು ಜನದ ಮುಂದೆ ಬೆತ್ತಲೆ ಮಾಡಿ, ಅದನ್ನ ತಮಾಷೆ ಅಂತೀಯೇನಲೇ?”

“ತಪ್ಪಾತು.”

“ನನಗೆ ನಂಬಿಕೆ ಇಲ್ಲಪ್ಪ,” ಎಂದ ಶಿವಮೂರ್ತಪ್ಪ. “ಅವತ್ತು ಇವನು ಹೇಳಿದ್ದೇ ಖರೆ, ಇವತ್ತಿಂದು ಸುಳ್ಳು. ಮನೆಗೆ ಎಷ್ಟು ಡಜನ್ ಬಳೆ ಬಂದ್ವೋ ಮುರುಗೇಶಿ? ಹೆಂಡ್ರ ಕೈ ತುಂಬಿರಬೇಕು!”

ಎಲ್ಲರೂ ಗೊಳ್ಳೆಂದು ನಕ್ಕರು. ಮುರುಗೇಶಪ್ಪ ಬಾಯಿ ತೆರೆದು, ಮುಚ್ಚಿದ. ಅಂದು ಖಾಜಾಸಾಬ್ ಕೂಡ ಇಲ್ಲಿಯೇ, ಇದೇ ರೀತಿ ಬಾಯಿ ಮುಚ್ಚಿ ನಿಂತಿದ್ದ ಎಂಬುದು ಅವನಿಗೆ ಹೊಳೆಯಿತು.

“ಯಾವುದೋ ಒಂದು ಸಲ ಇವನು ಸುಳ್ಳ, ಅದಂತೂ ಖರೆ,” ಎಂದು ಹಾಲಸ್ವಾಮಿ ತೀರ್ಮಾನ ಮಾಡಿದ. “ಸಾಬ್ರನ್ನ ಬರಾಕೆ ಹೇಳ್ರಿ. ಅವರು ಹೇಳದೆ ಇದ್ರೆ ಹಿಂದಿ ನಮಗೆಲ್ಲಿ ತಿಳೀತೈತೆ?”

ಖಾಜಾಸಾಬ್ ಬಂದ. ಬೆಂಚಿನ ಮೇಲೆ ಅವನಿಗೆ ಜಾಗ ಬಿಟ್ಟರು. ಜಗಳೂರಿಗೆ ಬಂದ ಹೊಸ ಸಿನಿಮಾದ ಕತೆ ಸುರುವಾಯಿತು. ಮುರುಗೇಶಪ್ಪ ತೂಗುಹಾಕಿದ ಟೈರುಗಳ ಪಕ್ಕ ನಿಂತು ಕೇಳುತ್ತಿದ್ದ. ಕೂರು ಎಂದು ಯಾರೂ ಅವನಿಗೆ ಹೇಳಲಿಲ್ಲ.

ನಾಯಕಿ ಕಿಟಕಿಯ ಬಳಿ ಬಂದಳು. ಅವಳ ಎಡಗೆನ್ನೆಯ ಮೇಲೆ ಮಚ್ಚೆ ಎಂದು ಖಾಜಾಸಾಬ್ ಹೇಳಹೊರಟವನು, ಅರ್ಧಕ್ಕೇ ಮಾತು ತಡೆದುಕೊಂಡ.

“ಎಡಗೆನ್ನೆನೋ ಬಲಗೆನ್ನೆನೋ ಸಾಬ್ರೆ? ಸರಿಯಾಗಿ ನೋಡೀರಾ?” ಎಂದು ಶಿವಮೂರ್ತಪ್ಪ ಕೀಟಲೆ ಮಾಡಿದ.

“ಕೆನ್ನೆ ಮ್ಯಾಲೆ,” ಎಂದ ಖಾಜಾಸಾಬ್. “ಒಂದು ಕೆನ್ನೆ ಮ್ಯಾಲೆ.”

ಎಲ್ಲರೂ ನಕ್ಕರು. ಖಾಜಾಸಾಬ್ ನಗುತ್ತಲೇ ಟೈರುಗಳ ಕಡೆ ಕಣ್ಣು ಹಾಯಿಸಿದ. ಮುರುಗೇಶಪ್ಪ ತುಟಿ ಬಿಗಿದು ನಿಂತಿದ್ದ. ಗುಟ್ಟು ಹೊರಗೆ ಬಿಡುವುದಿಲ್ಲ ಎಂದು ತಲೆಯಾಡಿಸಿ ತಿಳಿಸಬೇಕೆನಿಸಿತು, ಅದನ್ನೂ ಯಾರಾದರೂ ಕಂಡಾರು ಎಂದು ಸುಮ್ಮನಾದ. ಖಾಜಾಸಾಬ್ ಇನ್ನೂ ಸ್ವಲ್ಪ ಹೊತ್ತು ಅವನನ್ನೇ ನೋಡಿ, ಪಕ್ಕದಲ್ಲಿದ್ದ ಮಲಾರವನ್ನು ತನ್ನ ಕಡೆಗೆ ಎಳೆದುಕೊಂಡು, ಕತೆ ಮುಂದುವರಿಸಿದ.